ಎರಡನೇ ಸಲ ಬರೆಯಬೇಡ ಎನ್ನುವವರಿಗೆ ಉತ್ತರ

ದ್ವಿತೀಯ ಪಿಯು ಮುಗಿಸಿ, ಸಿಇಟಿಯಲ್ಲೋ ನೀಟ್‌ನಲ್ಲೋ ಬೇಕಾದ ರ‍್ಯಾಂಕ್ ಬಾರದೆ ಉಳಿದ ಮಕ್ಕಳು ಪ್ರತಿ ಜೂನ್ ತಿಂಗಳಲ್ಲೂ ನಮ್ಮ ಪಾವಗಡ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯ ಊರೂರಲ್ಲಿ ಸಿಗುತ್ತಾರೆ. ಸಿಕ್ಕಿದ್ದಕ್ಕೆ ಸೇರಿಕೊಳ್ಳುವುದೋ, ಮುಂದಿನ ವರ್ಷ ಮತ್ತೆ ಬರೆಯುವುದೋ ಎಂಬುದು ಅವರ ಪ್ರಶ್ನೆ. ಅವರು ಕೂತು ಯೋಚಿಸುವ ಮೊದಲೇ ಊರು ಉತ್ತರ ಕೊಟ್ಟು ಮುಗಿಸಿರುತ್ತದೆ: ‘ಬೇಡ.’ ಅಂಗಡಿ ಕಟ್ಟೆಯಲ್ಲಿ ಕೂತವರು ಹಾಗೆ ಹೇಳುತ್ತಾರೆ, ಮದುವೆ ಮನೆಯಲ್ಲಿ ಸಿಕ್ಕ ನೆಂಟರು ಹೇಳುತ್ತಾರೆ, ಓದಿಸಿದ ಕೆಲವು ಮೇಷ್ಟ್ರುಗಳೂ ಹೇಳುತ್ತಾರೆ. ಒಂದು ವರ್ಷ ಸರ್ಕಾರವೇ ಅದನ್ನು ಹೇಳಿ ಹೈಕೋರ್ಟ್‌ವರೆಗೆ ಹೋಯಿತು.

ನನ್ನ ನಿಲುವನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಈ ಸೀಮೆಯ ಮಗುವಿಗೆ ಎರಡನೇ ಪ್ರಯತ್ನ ನ್ಯಾಯವಾಗಿ ಸಲ್ಲಬೇಕಾದದ್ದು. ಲೆಕ್ಕ ಕೂಡಿಬಂದರೆ ಅದೇ ಸರಿಯಾದ ತೀರ್ಮಾನ. ಆ ಲೆಕ್ಕ ಹಾಕುವ ಅಧಿಕಾರ ಬರೆಯುವ ಮಗುವಿನದ್ದೇ ಹೊರತು ಕಟ್ಟೆಯ ಮೇಲೆ ಕೂತವರದ್ದಲ್ಲ. ಇದಕ್ಕೆ ಎದುರಾಗಿ ಹೇಳುವ ಎಂಟು ಮಾತುಗಳಿವೆ. ಒಂದೊಂದನ್ನೂ ಅದನ್ನು ನಂಬಿದವರು ಹೇಳುವಷ್ಟೇ ಬಲವಾಗಿ ಮುಂದಿಟ್ಟು ಉತ್ತರಿಸುತ್ತೇನೆ. ತೀರ್ಪು ಓದುಗರಿಗೆ ಬಿಟ್ಟದ್ದು.

ಮೊದಲನೆಯ ಮಾತು, ಎಲ್ಲರ ಬಾಯಲ್ಲೂ ಇರುವುದು: ‘ಒಂದು ವರ್ಷ ಹಾಳು.’ ಜೊತೆಯವರೆಲ್ಲ ಕಾಲೇಜು ಸೇರಿ ಮುಂದೆ ಹೋಗುತ್ತಾರೆ, ಇವನು ಮನೆಯಲ್ಲೇ ಉಳಿಯುತ್ತಾನೆ, ಹೋದ ವರ್ಷ ತಿರುಗಿ ಬರುವುದಿಲ್ಲ ಎನ್ನುವುದು ವಾದ. ವರ್ಷ ತಿರುಗಿ ಬರುವುದಿಲ್ಲ, ಒಪ್ಪಿದೆ. ಆದರೆ ಹಾಳಾಯಿತೋ ಇಲ್ಲವೋ ಎಂದು ತಿಳಿಯಬೇಕಾದರೆ ಅದಕ್ಕೆ ಪ್ರತಿಯಾಗಿ ಏನು ಸಿಕ್ಕಿತು ಎಂದು ನೋಡಬೇಕು. ಎಂಬಿಬಿಎಸ್ ನಾಲ್ಕೂವರೆ ವರ್ಷದ ಓದು, ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ಎಂಜಿನಿಯರಿಂಗ್ ನಾಲ್ಕು ವರ್ಷ. ಅದಾದ ಮೇಲೆ ಅರವತ್ತರವರೆಗೆ ದುಡಿಮೆ. ಆ ಸುಮಾರು ನಲವತ್ತು ವರ್ಷದ ದಿಕ್ಕನ್ನು ತೀರ್ಮಾನಿಸಲು ಹನ್ನೆರಡು ತಿಂಗಳು ಹೆಚ್ಚಾಯಿತು ಎನ್ನುವವರು, ಬೇಡದ ಬ್ರಾಂಚ್‌ಗೆ ಸೇರಿ, ಬ್ಯಾಕ್‌ಲಾಗ್ ಹೊತ್ತು, ನಾಲ್ಕು ವರ್ಷದ ಕೋರ್ಸನ್ನು ಆರು ವರ್ಷಕ್ಕೆ ಮುಗಿಸುವ ಹುಡುಗನ ಬಗ್ಗೆ ಚಕಾರ ಎತ್ತುವುದಿಲ್ಲ. ಅವನು ದಿನಾ ಬ್ಯಾಗು ಹಾಕಿಕೊಂಡು ಬಸ್ಸು ಹತ್ತುತ್ತಾನೆ, ಅಷ್ಟು ಸಾಕು. ಅಂದರೆ ಇವರು ಎಣಿಸುತ್ತಿರುವುದು ಹಾಳಾದ ವರ್ಷವನ್ನಲ್ಲ, ಕಣ್ಣಿಗೆ ಬೀಳುವ ವರ್ಷವನ್ನು. ಇನ್ನೂ ಒಂದು ವಿರೋಧಾಭಾಸವಿದೆ. ಇದೇ ಹಿರಿಯರು ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಎಂದು ವರ್ಷಗಟ್ಟಲೆ ಓದುವ ಯುವಕನನ್ನು ‘ಛಲಗಾರ’ ಎಂದು ಬೆನ್ನು ತಟ್ಟುತ್ತಾರೆ. ಐಎಎಸ್ ಪರೀಕ್ಷೆಯಲ್ಲಿ ಸಾಮಾನ್ಯ ವರ್ಗದವರಿಗೂ ಆರು ಅವಕಾಶಗಳಿವೆ. ಇಪ್ಪತ್ತೈದರಲ್ಲಿ ಐದನೇ ಸಲ ಬರೆಯುವುದು ಛಲವಾದರೆ, ಹದಿನೆಂಟರಲ್ಲಿ ಎರಡನೇ ಸಲ ಬರೆಯುವುದು ಹಾಳು ಹೇಗಾಗುತ್ತದೆ? ಈ ಪ್ರಶ್ನೆಗೆ ಇದುವರೆಗೆ ಯಾರೂ ನೇರ ಉತ್ತರ ಕೊಟ್ಟಿಲ್ಲ.

ಎರಡನೆಯದು ಇನ್ನಷ್ಟು ಕಠೋರ: ‘ಮೊದಲ ಸಲ ಆಗದ್ದು ಎರಡನೇ ಸಲ ಆಗ್ತದಾ? ತಲೆ ಇದ್ದವನಿಗೆ ಒಂದೇ ಸಲ ಸಾಕು.’ ಪ್ರವೇಶ ಪರೀಕ್ಷೆ ಹುಟ್ಟು ಬುದ್ಧಿಯನ್ನು ಅಳೆಯುತ್ತದೆ, ಬುದ್ಧಿ ಒಂದು ವರ್ಷದಲ್ಲಿ ಬೆಳೆಯುವುದಿಲ್ಲ ಎಂಬುದು ಇದರ ಹಿಂದಿರುವ ನಂಬಿಕೆ. ಪರೀಕ್ಷೆಯ ರಚನೆಯನ್ನೇ ನೋಡೋಣ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಪ್ರಶ್ನೆಯೊಂದಕ್ಕೆ 80 ಸೆಕೆಂಡು. ನೀಟ್‌ನಲ್ಲಿ ಈಗ 180 ಪ್ರಶ್ನೆಗೆ 180 ನಿಮಿಷ. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿದರೆ ಒಂದು ಅಂಕ ಕಡಿತ. ಒಂದು ನಿಮಿಷದಲ್ಲಿ ಪ್ರಶ್ನೆ ಓದಿ, ಅದರ ಜಾತಿ ಗುರುತಿಸಿ, ಲೆಕ್ಕ ಬಿಡಿಸಿ, ಒಎಂಆರ್ ಹಾಳೆಯಲ್ಲಿ ವೃತ್ತ ತುಂಬಬೇಕು. ಗೊತ್ತಿಲ್ಲದ್ದನ್ನು ಬಿಡುವ ಸಂಯಮವೂ ಇರಬೇಕು. ಇದು ಬಹುಮಟ್ಟಿಗೆ ಅಭ್ಯಾಸದಿಂದ ಬರುವ ಚುರುಕುತನ, ಅಭ್ಯಾಸದಿಂದ ಬರುವುದು ಸಮಯ ಕೊಟ್ಟರೆ ಬಂದೇ ಬರುತ್ತದೆ. ಇದು ಎದುರಾಳಿಗಳಿಗೂ ಚೆನ್ನಾಗಿ ಗೊತ್ತು. ಇಲ್ಲದಿದ್ದರೆ ಅನುಕೂಲಸ್ಥರು ತಮ್ಮ ಮಕ್ಕಳನ್ನು ಎಂಟನೇ ತರಗತಿಯಿಂದಲೇ ಫೌಂಡೇಷನ್ ಕೋರ್ಸಿಗೆ ಏಕೆ ಸೇರಿಸುತ್ತಾರೆ? ಬುದ್ಧಿ ಹುಟ್ಟಿನಿಂದ ಬಂದದ್ದೇ ಆದರೆ ಆ ಶುಲ್ಕ ದಂಡ. ಅಭ್ಯಾಸದಿಂದ ಬರುವುದಾದರೆ, ಆ ಅಭ್ಯಾಸ ತಡವಾಗಿ ಸಿಕ್ಕವನಿಗೆ ಇನ್ನೊಂದು ವರ್ಷ ಕೊಡುವುದು ನ್ಯಾಯ. ಎರಡರಲ್ಲಿ ಒಂದನ್ನು ಅವರು ಆರಿಸಿಕೊಳ್ಳಲಿ.

ನಮ್ಮ ಸೀಮೆಯ ಮಗು ಆ ಪರೀಕ್ಷೆಗೆ ಯಾವ ದಾರಿಯಿಂದ ಬರುತ್ತದೆ ಎಂದೂ ಇಲ್ಲೇ ಹೇಳಬೇಕು. ಪಾವಗಡ ತಾಲ್ಲೂಕನ್ನು ಮೂರು ಕಡೆ ಆಂಧ್ರ ಸುತ್ತುವರಿದಿದೆ. ನಮ್ಮದೇ ಜಿಲ್ಲಾ ಕೇಂದ್ರ ತುಮಕೂರಿಗೆ ಮಧುಗಿರಿ ಮಾರ್ಗವಾಗಿ ಹೋಗುವಾಗಲೂ ಆಂಧ್ರದ ನೆಲ ದಾಟಬೇಕು. ನಾಗಲಮಡಿಕೆಯ ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು. ಶಾಲೆಯಲ್ಲಿ ಹತ್ತು ವರ್ಷ ಕನ್ನಡ. ಪಿಯು ವಿಜ್ಞಾನಕ್ಕೆ ಕಾಲಿಟ್ಟ ದಿನ ಎಲ್ಲವೂ ಇಂಗ್ಲಿಷ್. ಪ್ರಥಮ ಪಿಯು ಪೂರ್ತಿ ಪಾರಿಭಾಷಿಕ ಪದಗಳ ಜೊತೆ ಗುದ್ದಾಡುವುದರಲ್ಲಿ ಕಳೆಯುತ್ತದೆ. ವೇಗ, ವೇಗೋತ್ಕರ್ಷ, ಸಂವೇಗ ಎಂದು ಕಲಿತದ್ದು ವೆಲಾಸಿಟಿ, ಆಕ್ಸಲರೇಷನ್, ಮೊಮೆಂಟಮ್ ಆಗಿ ಒಳಗಿಳಿಯುವ ಹೊತ್ತಿಗೆ ಅರ್ಧ ಪಾಠ ಮುಗಿದಿರುತ್ತದೆ. ದ್ವಿತೀಯ ಪಿಯುನಲ್ಲಿ ಬೋರ್ಡ್ ಪರೀಕ್ಷೆಯ ಪಠ್ಯ ಮುಗಿಸಿದರೆ ಅದೇ ದೊಡ್ಡದು. ನೀಟ್ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲೂ ಸಿಗುತ್ತದೆ ನಿಜ. ಆದರೆ ಎರಡು ವರ್ಷ ಇಂಗ್ಲಿಷಿನಲ್ಲಿ ಓದಿದ್ದನ್ನು ಕನ್ನಡದಲ್ಲಿ ಬರೆಯಲು ತಯಾರಿ ಮಾಡಿಸುವ ವ್ಯವಸ್ಥೆ ಹೋಬಳಿ ಮಟ್ಟದಲ್ಲಿ ಎಲ್ಲಿದೆ? ನಗರದ ಮಗುವಿನ ಮೊದಲ ಪ್ರಯತ್ನದ ಹಿಂದೆ ಐದು ವರ್ಷದ ತಯಾರಿ ಇರುತ್ತದೆ. ನಮ್ಮ ಮಗುವಿನದಕ್ಕೆ ಬೋರ್ಡ್ ಪರೀಕ್ಷೆ ಮುಗಿದ ಮೇಲೆ ಉಳಿದ ಕೆಲವೇ ವಾರಗಳ ತಯಾರಿ. ಈ ಎರಡನ್ನೂ ‘ಮೊದಲ ಸಲ’ ಎಂದು ಒಂದೇ ಹೆಸರಿನಿಂದ ಕರೆದು, ಆ ಹೆಸರಿನ ಮೇಲೆ ಬುದ್ಧಿಯ ತೀರ್ಪು ಕೊಡುವುದು ತರ್ಕಕ್ಕೂ ನಿಲ್ಲದು, ನ್ಯಾಯಕ್ಕೂ ನಿಲ್ಲದು. ಲೆಕ್ಕಕ್ಕೆ ಅದು ಎರಡನೆಯ ಸಲವಾದರೂ, ನಮ್ಮ ಮಗು ಸರಿಸಮನಾಗಿ ಕೂತು ಬರೆಯುವ ಮೊದಲ ಪರೀಕ್ಷೆ ಅದೇ.

ಮೂರನೆಯ ವಾದ ಸ್ವಲ್ಪ ಗೌರವಸ್ಥ ಬಟ್ಟೆ ತೊಟ್ಟು ಬರುತ್ತದೆ: ‘ರಿಪೀಟರ್‌ಗಳಿಂದ ಹೊಸಬರಿಗೆ ಅನ್ಯಾಯ.’ ಒಂದು ವರ್ಷ ಹೆಚ್ಚು ಓದಿದವನು ಈ ವರ್ಷದ ಮಗುವಿನ ಸೀಟು ಕಸಿಯುತ್ತಾನೆ ಎನ್ನುವುದು ಇದರ ಸಾರ. 2022ರಲ್ಲಿ ಇದು ಸರ್ಕಾರದ ನೀತಿಯ ಮಟ್ಟಕ್ಕೇ ಏರಿತ್ತು. ಕೋವಿಡ್ ಕಾರಣದಿಂದ 2021ರ ದ್ವಿತೀಯ ಪಿಯು ಪರೀಕ್ಷೆ ರದ್ದಾಗಿ, ಎಸ್ಸೆಸ್ಸೆಲ್ಸಿ ಮತ್ತು ಪ್ರಥಮ ಪಿಯು ಅಂಕಗಳ ಆಧಾರದಲ್ಲಿ ಎಲ್ಲರನ್ನೂ ಪಾಸು ಮಾಡಲಾಗಿತ್ತು. ಅವರಲ್ಲಿ ಸುಮಾರು 24,000 ಮಂದಿ 2022ರಲ್ಲಿ ಮತ್ತೆ ಸಿಇಟಿ ಬರೆದರು. ಹೊಸಬರಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ ಎಂದು ರ‍್ಯಾಂಕ್ ಕೊಟ್ಟ ಪರೀಕ್ಷಾ ಪ್ರಾಧಿಕಾರ, ಇವರ ಪಿಯು ಅಂಕವನ್ನು ಪೂರ್ತಿ ಕೈಬಿಟ್ಟಿತು. ಪರೀಕ್ಷೆ ರದ್ದು ಮಾಡಿದ್ದು ಸರ್ಕಾರ, ಅಂಕ ಕೊಟ್ಟದ್ದು ಸರ್ಕಾರದ ಮಂಡಳಿ, ಆ ಅಂಕ ನಂಬಲರ್ಹವಲ್ಲ ಎಂದದ್ದೂ ಸರ್ಕಾರವೇ. 2022ರ ಸೆಪ್ಟೆಂಬರ್ 3ರಂದು ಹೈಕೋರ್ಟ್‌ನ ಏಕಸದಸ್ಯ ಪೀಠ ಆ ಕ್ರಮವನ್ನು ರದ್ದುಪಡಿಸಿತು. ಸರ್ಕಾರ ಮೇಲ್ಮನವಿ ಸಲ್ಲಿಸಿತು. ಕೊನೆಗೆ, 2021ರ ಪಿಯು ಅಂಕಗಳಲ್ಲಿ ಒಂದಿಷ್ಟು ಕಡಿತ ಮಾಡಿ ಉಳಿದದ್ದನ್ನು ಪರಿಗಣಿಸುವ ಸೂತ್ರವನ್ನು ಅದೇ ತಿಂಗಳು ವಿಭಾಗೀಯ ಪೀಠ ಒಪ್ಪಿಕೊಂಡಿತು. ಪಟ್ಟಿಯನ್ನು ಮತ್ತೆ ತಯಾರಿಸಬೇಕಾಯಿತು.

ಆ ಪ್ರಕರಣದಿಂದ ಕಲಿಯಬೇಕಾದದ್ದು ಒಂದೇ. ಎರಡು ವರ್ಷದ ಅಂಕಗಳು ಒಂದಕ್ಕೊಂದು ಹೊಂದದಿದ್ದರೆ ಹೊಂದಿಸುವ ಸೂತ್ರ ಹುಡುಕಬೇಕು, ಮತ್ತೆ ಬರೆದವನನ್ನು ಹೊರಗೆ ತಳ್ಳಬಾರದು. ‘ಹೊಸಬರ ಸೀಟು’ ಎಂಬ ಮಾತೇ ಆಧಾರವಿಲ್ಲದ್ದು. ಸೀಟು ಯಾವ ಪಿಯು ಬ್ಯಾಚಿಗೂ ಮೊದಲೇ ಬರೆದಿಟ್ಟ ಆಸ್ತಿಯಲ್ಲ. ಇಬ್ಬರೂ ಒಂದೇ ದಿನ ಒಂದೇ ಪತ್ರಿಕೆ ಬರೆಯುತ್ತಾರೆ. ಎಂಬಿಬಿಎಸ್ ಓದಬಯಸುವವರಿಗೆ ವಯಸ್ಸಿನ ಮೇಲ್ಮಿತಿಯನ್ನೂ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತೆಗೆದುಹಾಕಿದೆ. ಇನ್ನು ನಮ್ಮ ಪಿಯು ಪದ್ಧತಿ ನೋಡಿ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಅವಕಾಶ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು, ಹೆಚ್ಚು ಬಂದದ್ದೇ ಉಳಿಯುತ್ತದೆ. ಜೆಇಇ ಮೇನ್ ವರ್ಷಕ್ಕೆ ಎರಡು ಸಲ ನಡೆಯುತ್ತದೆ, ಉತ್ತಮ ಅಂಕವೇ ಲೆಕ್ಕಕ್ಕೆ ಬರುತ್ತದೆ. ಏಪ್ರಿಲ್‌ನಲ್ಲಿ ಮತ್ತೆ ಬರೆದರೆ ಸುಧಾರಣೆ, ಮುಂದಿನ ವರ್ಷ ಮತ್ತೆ ಬರೆದರೆ ಅನ್ಯಾಯ ಎಂಬ ಗೆರೆಯನ್ನು ಎಳೆದವರು ಯಾರು, ಯಾವ ಆಧಾರದ ಮೇಲೆ?

ಇಲ್ಲಿ ಎದುರಾಳಿಗಳು ಒಂದು ಅಂಕಿಯನ್ನು ಅಸ್ತ್ರವಾಗಿ ಎತ್ತುತ್ತಾರೆ. ತಮಿಳುನಾಡು ಸರ್ಕಾರ ನೇಮಿಸಿದ್ದ ನ್ಯಾಯಮೂರ್ತಿ ಎ.ಕೆ. ರಾಜನ್ ಸಮಿತಿಯ 2021ರ ವರದಿಯ ಪ್ರಕಾರ, ಅಲ್ಲಿ ಎಂಬಿಬಿಎಸ್‌ಗೆ ಸೇರಿದವರಲ್ಲಿ ಹಿಂದಿನ ವರ್ಷಗಳಲ್ಲಿ ಪಿಯು ಮಟ್ಟ ಮುಗಿಸಿದ್ದವರ ಪ್ರಮಾಣ 2016–17ರಲ್ಲಿ ಶೇ 12.47 ಇತ್ತು, 2020–21ಕ್ಕೆ ಅದು ಶೇ 71.42ಕ್ಕೆ ಏರಿತು. ‘ನೋಡಿ, ಎಲ್ಲ ಸೀಟನ್ನೂ ರಿಪೀಟರ್‌ಗಳೇ ಹೊಡೆಯುತ್ತಿದ್ದಾರೆ’ ಎಂದು ಇವರ ಕೂಗು. ಅಂಕಿ ಸರಿ, ಅದರಿಂದ ತೆಗೆದ ತೀರ್ಮಾನ ತಲೆಕೆಳಗು. ಸೀಟು ಪಡೆದ ಹತ್ತು ಜನರಲ್ಲಿ ಏಳು ಜನ ಒಂದಕ್ಕಿಂತ ಹೆಚ್ಚು ಸಲ ಬರೆದವರಾದರೆ, ಎರಡು ವರ್ಷದ ಪಿಯು ಓದಿನಿಂದ ಆ ಪರೀಕ್ಷೆ ದಾಟುವುದು ಬಹುಪಾಲು ಮಕ್ಕಳಿಗೆ ಸಾಧ್ಯವಿಲ್ಲ ಎಂದಷ್ಟೇ ಅರ್ಥ. ಆ ಪರೀಕ್ಷೆಯನ್ನು ವಿರೋಧಿಸಬಹುದು. 2024ರ ಜುಲೈನಲ್ಲಿ ಕರ್ನಾಟಕದ ವಿಧಾನಮಂಡಲವೂ ನೀಟ್ ಬೇಡವೆಂದು ನಿರ್ಣಯ ಮಾಡಿತು. ಆದರೆ ಪರೀಕ್ಷೆ ಇರುವವರೆಗೆ ನಾಗಲಮಡಿಕೆಯ ಮಗುವಿಗೆ ಮಾತ್ರ ‘ನೀನು ಒಂದೇ ಸಲ ಬರಿ’ ಎನ್ನುವುದೆಂದರೆ, ಉಳಿದವರೆಲ್ಲ ಎರಡೆರಡು ಸಲ ಬರೆದು ಗೆಲ್ಲುವ ಆಟದಲ್ಲಿ ನಮ್ಮವರನ್ನು ನಾವೇ ಹೊರಗೆ ಕೂರಿಸಿದಂತೆ. ಮತ್ತೆ ಬರೆಯಲು ಆಗುವುದು ದುಡ್ಡಿದ್ದವರಿಗೆ ಎಂಬ ಆ ಸಮಿತಿಯ ಆತಂಕ ನಿಜವಾದದ್ದು. ಅದಕ್ಕೆ ಪರಿಹಾರ ಬಡವನಿಗೂ ಮತ್ತೆ ಬರೆಯುವ ಅನುಕೂಲ ಮಾಡಿಕೊಡುವುದು. ಬಡವನನ್ನು ಹೆದರಿಸಿ ಹಿಂದೆ ಕಳಿಸಿದರೆ ಸೀಟು ದುಡ್ಡಿದ್ದವನಿಗೇ ಉಳಿಯುತ್ತದೆ.

ನಾಲ್ಕನೆಯದು: ‘ಮತ್ತೆ ಬರೆದು ಬಂದ ರ‍್ಯಾಂಕ್ ನಿಜವಾದ ಮೆರಿಟ್ ಅಲ್ಲ.’ ಪರೀಕ್ಷೆಯ ಅಂಕ ಮೆರಿಟ್ಟಿನ ಅಳತೆಗೋಲು ಎಂದು ಸಾರುವವರೇ, ಆ ಅಳತೆಯಲ್ಲಿ ಮೇಲೆ ಬಂದವನನ್ನು ಕಂಡಾಗ ಅಳತೆಗೋಲನ್ನು ಬದಲಿಸುತ್ತಾರೆ. ಆ ಅಳತೆ ಎಷ್ಟು ಸ್ಥಿರ ಎಂದೂ ನೋಡಬೇಕು. ನೀಟ್‌ನಲ್ಲಿ 2024ರಲ್ಲಿ ಪರಿಷ್ಕೃತ ಫಲಿತಾಂಶದ ನಂತರವೂ 17 ಮಂದಿಗೆ 720ಕ್ಕೆ 720 ಅಂಕ ಉಳಿದವು. ಮರುವರ್ಷ ದೇಶಕ್ಕೇ ಮೊದಲಿಗನಾದವನ ಅಂಕ 686. ಅಂದರೆ ಮೊದಲ ವರ್ಷ ಕೈತಪ್ಪಿದ ಸೀಟಿನಲ್ಲಿ ಆ ವರ್ಷದ ಪತ್ರಿಕೆಯ ಪಾತ್ರವೂ ಇರುತ್ತದೆ. 2024ರ ಸಿಇಟಿಯಲ್ಲಿ ಪಠ್ಯದಲ್ಲಿಲ್ಲದ ಪ್ರಶ್ನೆಗಳು ಬಂದು, 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಪಠ್ಯದಲ್ಲಿಲ್ಲದ ಪ್ರಶ್ನೆಯ ಎದುರು ಸಮಯ ಕಳೆದ ಮಗುವಿಗೆ ಆ ನಿಮಿಷಗಳು ವಾಪಸ್ ಬರಲಿಲ್ಲ, ಮರುಪರೀಕ್ಷೆಯೂ ಆಗಲಿಲ್ಲ. ಅಂಥ ಮಗು ಮುಂದಿನ ವರ್ಷ ಮತ್ತೆ ಬರೆದರೆ ಅದರ ಮೆರಿಟ್ ಹುಸಿಯಂತೆ. ಇದೇ ಮೆರಿಟ್ ಪ್ರೇಮಿಗಳು ಮ್ಯಾನೇಜ್‌ಮೆಂಟ್ ಮತ್ತು ಎನ್‌ಆರ್‌ಐ ಕೋಟಾದ ವಿಷಯ ಬಂದಾಗ ಮೌನ ವಹಿಸುತ್ತಾರೆ. ಸಾವಿರಾರು ರ‍್ಯಾಂಕ್ ಹಿಂದಿದ್ದವನು ಹಲವು ಪಟ್ಟು ಶುಲ್ಕ ಕಟ್ಟಿ ಒಳಗೆ ಹೋದರೆ ಮೆರಿಟ್ಟಿಗೆ ಧಕ್ಕೆಯಿಲ್ಲ, ಇನ್ನೊಂದು ವರ್ಷ ಓದಿ ರ‍್ಯಾಂಕ್ ಪಡೆದರೆ ಧಕ್ಕೆ! ಅವರು ಕಾಯುತ್ತಿರುವುದು ಮೆರಿಟ್ಟನ್ನಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ‘ಹಳ್ಳಿಯವರಿಗೆ ಕೋಟಾ ಇದೆಯಲ್ಲ’ ಎಂದು ಕೆಲವರು ಬಾಲ ಸೇರಿಸುತ್ತಾರೆ. ಗ್ರಾಮೀಣರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಇರುವುದು ರಾಜ್ಯದ ಸೀಟುಗಳಲ್ಲಿ. ಅದರೊಳಗೂ ಸೀಟು ಹಂಚುವುದು ರ‍್ಯಾಂಕ್ ನೋಡಿಯೇ. ಕೋಟಾ ಇರುವುದರಿಂದ ಓದುವ ಅಗತ್ಯ ತಪ್ಪುವುದಿಲ್ಲ. ಬದಲಿಗೆ, ಇನ್ನು ಸ್ವಲ್ಪ ಓದಿದರೆ ಸೀಟಿನ ಅಳವಿಗೆ ಬರುವ ಮಕ್ಕಳು ನಮ್ಮಲ್ಲೇ ಹೆಚ್ಚು ಎಂದಾಗುತ್ತದೆ. ಹಾಗಾಗಿ ಕೋಟಾ ಇರುವುದು ಮತ್ತೆ ಬರೆಯಲು ಇನ್ನೊಂದು ಕಾರಣವೇ.

ಐದನೆಯದು ದುಡ್ಡಿನದ್ದು: ‘ಬಡವರಿಗೆ ಲಾಂಗ್‌ಟರ್ಮ್ ಕೋಚಿಂಗ್‌ಗೆ ದುಡ್ಡು ಎಲ್ಲಿಂದ ಬರಬೇಕು? ಇದ್ದ ಸೋಲಾರ್ ದುಡ್ಡೂ ಕರಗುತ್ತದೆ.’ ಈ ಮಾತಿನ ಹಿಂದೆ ಕಾಳಜಿ ಇದೆ, ಹಾಗಾಗಿ ಬಿಡಿಬಿಡಿಯಾಗಿ ನೋಡಬೇಕು. ನಮ್ಮ ಹೋಬಳಿಯ ತಿರುಮಣಿ, ವಳ್ಳೂರು, ರಾಯಚೆರ್ಲು ಸೇರಿ ಐದು ಊರುಗಳ ಸುಮಾರು 13,000 ಎಕರೆ 2,050 ಮೆಗಾವಾಟ್‌ನ ಸೋಲಾರ್ ಪಾರ್ಕಿಗೆ ಗುತ್ತಿಗೆಗೆ ಹೋಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ, ಎರಡು ವರ್ಷಕ್ಕೊಮ್ಮೆ ಶೇ 5 ಏರುವ ಲೆಕ್ಕ. ಮೂರು ಎಕರೆ ಕೊಟ್ಟ ಮನೆಗೆ ಆರಂಭದ ದರದಲ್ಲಿ ವರ್ಷಕ್ಕೆ 63,000 ರೂಪಾಯಿ. ಜಮೀನಿಲ್ಲದೆ ಕಡಲೆಕಾಯಿ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಆ ಗುತ್ತಿಗೆಯಿಂದ ಏನೂ ಬರಲಿಲ್ಲ, ಇದ್ದ ಕೂಲಿಯೂ ಹೋಯಿತು. ಅಂಥ ಮನೆಯ ಮಗುವನ್ನು ಲಕ್ಷಗಟ್ಟಲೆ ಕಟ್ಟಿಸಿಕೊಳ್ಳುವ ವಸತಿ ಕೋಚಿಂಗ್‌ಗೆ ಸಾಲ ಮಾಡಿ ಕಳಿಸಿ ಎಂದು ನಾನು ಹೇಳುವುದಿಲ್ಲ, ಯಾರೂ ಹೇಳಬಾರದು. ಆದರೆ ಮತ್ತೆ ಬರೆಯುವುದು ಬೇರೆ, ಲಾಂಗ್‌ಟರ್ಮ್ ಹಾಸ್ಟೆಲ್ ಸೇರುವುದು ಬೇರೆ. ಎರಡನ್ನೂ ಒಂದೇ ಎಂದು ನಂಬಿಸಿದ್ದು ಕೋಚಿಂಗ್ ಜಾಹೀರಾತುಗಳು, ಆ ನಂಬಿಕೆಯನ್ನು ಎದುರಾಳಿಗಳು ಹಾಗೇ ಎರವಲು ತಂದಿದ್ದಾರೆ. 2025ರ ನೀಟ್ ಅರ್ಜಿ ಶುಲ್ಕ ಸಾಮಾನ್ಯ ವರ್ಗಕ್ಕೆ 1,700, ಹಿಂದುಳಿದ ವರ್ಗಕ್ಕೆ 1,600, ಪರಿಶಿಷ್ಟರಿಗೆ 1,000 ರೂಪಾಯಿ. ಎನ್‌ಸಿಇಆರ್‌ಟಿ ಪುಸ್ತಕಗಳು ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಕೇಂದ್ರ ಶಿಕ್ಷಣ ಸಚಿವಾಲಯ ಮತ್ತು ಐಐಟಿ ಕಾನ್ಪುರ 2023ರಲ್ಲಿ ಆರಂಭಿಸಿದ ‘ಸಾಥಿ’ಯಲ್ಲಿ ಪಾಠ, ಅಭ್ಯಾಸ ಪರೀಕ್ಷೆ ಎರಡೂ ಉಚಿತ. ಹಳೆಯ ಪ್ರಶ್ನೆಪತ್ರಿಕೆಗಳಿಗೆ ಖರ್ಚಿಲ್ಲ. ಇಷ್ಟಿದ್ದರೆ ಎಲ್ಲರಿಗೂ ಸೀಟು ಸಿಗುತ್ತದೆ ಎಂದು ಹೇಳುತ್ತಿಲ್ಲ. ಹಣವೇ ಅಡ್ಡಿ ಎಂಬ ವಾದ ದುಬಾರಿ ದಾರಿಗೆ ಮಾತ್ರ ಅನ್ವಯಿಸುತ್ತದೆ, ಮತ್ತೆ ಬರೆಯುವ ತೀರ್ಮಾನಕ್ಕಲ್ಲ ಎನ್ನುತ್ತಿದ್ದೇನೆ. ಇನ್ನು, ಬಂದ ರ‍್ಯಾಂಕಿಗೇ ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟು ಕೊಂಡುಕೊಳ್ಳಿ ಎಂದು ಸಲಹೆ ಕೊಡುವವರು ಬಡತನದ ಮಾತಾಡುವ ಹಕ್ಕನ್ನೇ ಕಳೆದುಕೊಂಡಿದ್ದಾರೆ.

ಆರನೆಯದನ್ನು ತಗ್ಗಿದ ದನಿಯಲ್ಲಿ ಹೇಳುತ್ತಾರೆ: ‘ಹೆಣ್ಣುಮಗುವನ್ನು ಒಂದು ವರ್ಷ ಮನೆಯಲ್ಲಿ ಕೂರಿಸಿಕೊಂಡರೆ ಜನ ಏನನ್ನುತ್ತಾರೆ? ವಯಸ್ಸು ನಿಲ್ಲುತ್ತದಾ?’ ಇದಕ್ಕೆ ನನ್ನ ಉತ್ತರ ಜೋರು ದನಿಯಲ್ಲೇ ಇದೆ. ಅದೇ ಮನೆಯ ಗಂಡುಮಗ ಮತ್ತೆ ಬರೆದರೆ ಅದು ‘ಅವನ ಭವಿಷ್ಯಕ್ಕೆ ಹಾಕಿದ ದುಡ್ಡು’, ಮಗಳು ಬರೆದರೆ ‘ಹಾಳಾದ ವರ್ಷ’. ಪರೀಕ್ಷೆ ಒಂದೇ, ಪಠ್ಯ ಒಂದೇ, ವರ್ಷಕ್ಕೆ ಹನ್ನೆರಡು ತಿಂಗಳು ಇಬ್ಬರಿಗೂ. ಬದಲಾದದ್ದು ಬರೆಯುವವರು ಮಾತ್ರ. ಹಾಗಾಗಿ ಇದನ್ನು ಪರೀಕ್ಷೆಯ ಬಗೆಗಿನ ವಾದ ಎಂದು ಒಪ್ಪಿಕೊಳ್ಳಲೂ ಆಗದು. ಮದುವೆಯ ಲೆಕ್ಕವನ್ನೇ ಹಿಡಿದರೂ ಅದು ನಿಲ್ಲುವುದಿಲ್ಲ. ಎಂಬಿಬಿಎಸ್ ಸೇರಿದರೆ ಐದೂವರೆ ವರ್ಷ ಕಾಯಲು ಸಿದ್ಧರಿದ್ದ ಅಪ್ಪ ಅವ್ವ, ಆರೂವರೆ ಎಂದಾಗ ಬೆಚ್ಚಿಬೀಳುವುದೇಕೆ? ನಿಜವಾದ ಭಯ ಬೇರೆ ಇದೆ. ಕಾಲೇಜು ಎಂಬ ನೆಪವಿಲ್ಲದೆ ಮನೆಯಲ್ಲಿರುವ ಹುಡುಗಿಗೆ ಸಂಬಂಧ ಹುಡುಕಿಕೊಂಡು ಬರುವವರನ್ನು ತಡೆಯುವುದು ಕಷ್ಟ ಎಂಬ ಭಯ ಅದು. ಹಾಗಿದ್ದರೆ ತಡೆಯಬೇಕಾದದ್ದು ಬಂದವರನ್ನು. ಅವರಿಗೆ ಹೇಳಬೇಕಾದ ‘ಬೇಡ’ವನ್ನು ಮಗಳಿಗೆ ಹೇಳಿ ಜಾಣತನ ಎಂದುಕೊಂಡರೆ ಹೇಗೆ? ಡಿಗ್ರಿಗೆ ಹೆಸರು ಹಚ್ಚಿಸಿಕೊಂಡು ಜೊತೆಗೇ ಪರೀಕ್ಷೆಗೆ ಓದುವ ಹೆಣ್ಣುಮಕ್ಕಳಿದ್ದಾರೆ. ಜನರ ಬಾಯಿಗೆ ಅದೂ ಒಂದು ಉತ್ತರ.

ಏಳನೆಯದು ಎಲ್ಲಕ್ಕಿಂತ ಗಟ್ಟಿಯಾದ ವಾದ: ‘ಮತ್ತೆ ಬರೆಸಿ ಮಕ್ಕಳ ಮನಸ್ಸು ಮುರಿಯಬೇಡಿ.’ ರಾಜಸ್ಥಾನದ ಕೋಟಾದಂಥ ಕೋಚಿಂಗ್ ಊರುಗಳಲ್ಲಿ ಏನಾಯಿತೆಂದು ದೇಶ ನೋಡಿದೆ. ಹದಿನಾರು ತುಂಬದವರನ್ನು ಕೋಚಿಂಗ್‌ಗೆ ಸೇರಿಸಿಕೊಳ್ಳಬಾರದೆಂದು ಕೇಂದ್ರ ಸರ್ಕಾರವೇ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು. ಈ ಕಾಳಜಿಯಲ್ಲಿ ಒಂದು ಭಾಗವನ್ನು ನಾನು ಪೂರ್ತಿ ಒಪ್ಪುತ್ತೇನೆ. ಮಗು ಬೇಡ ಎಂದರೆ ಬೇಡ, ಅಲ್ಲಿಗೆ ಮಾತು ಮುಗಿಯಿತು. ಮಗು ಒಲ್ಲೆನೆಂದರೂ ‘ಡಾಕ್ಟರಾಗಲೇಬೇಕು’ ಎಂದು ಮತ್ತೆ ಕೂರಿಸುವ ತಂದೆತಾಯಿ ಈ ಬರಹದಲ್ಲಿ ನನ್ನ ಎದುರಾಳಿಗಳೇ. ಅವರೂ ಕಟ್ಟೆಯವರ ಹಾಗೆ ಮಗುವಿನ ತೀರ್ಮಾನವನ್ನು ಕಿತ್ತುಕೊಂಡವರು. ಆದರೆ ವಾದದ ಉಳಿದ ಭಾಗ ತಪ್ಪು ಕಡೆ ಬೆರಳು ತೋರಿಸುತ್ತದೆ. ‘ಇದೊಂದೇ ಅವಕಾಶ, ಇದು ತಪ್ಪಿದರೆ ಮುಗಿಯಿತು’ ಎಂಬ ಮಾತು ಮಗುವಿನ ಎದೆಯ ಮೇಲೆ ಕಲ್ಲು ಹೇರುತ್ತದೆ. ಇನ್ನೊಂದು ಅವಕಾಶವಿದೆ ಎಂದು ಗೊತ್ತಿರುವ ಮಗು ಮೊದಲ ಸಲವೂ ಹಗುರವಾಗಿ ಬರೆಯುತ್ತದೆ. ಮತ್ತೆ ಬರೆಯುವ ವರ್ಷ ಭಾರವಾಗುವುದು ಓದಿನಿಂದಷ್ಟೇ ಅಲ್ಲ. ‘ಇನ್ನೂ ಮನೆಯಲ್ಲೇ ಇದೀಯಾ?’ ಎಂದು ಸಿಕ್ಕ ಸಿಕ್ಕಲ್ಲಿ ಕೇಳುವವರಿಂದ ಅದು ಇನ್ನಷ್ಟು ಭಾರವಾಗುತ್ತದೆ. ಮಕ್ಕಳ ಮನಸ್ಸಿನ ಬಗ್ಗೆ ಇಷ್ಟು ಮರುಗುವವರು ಮೊದಲು ಆ ಪ್ರಶ್ನೆ ಕೇಳುವುದನ್ನು ನಿಲ್ಲಿಸಲಿ.

ಎಂಟನೆಯದು ಹೆದರಿಸುವ ಮಾತು: ‘ಎರಡನೇ ಸಲ ಎಂದರೆ ಮೂರನೇ ಸಲ, ನಾಲ್ಕನೇ ಸಲ. ಇದಕ್ಕೆ ಕೊನೆ ಎಲ್ಲಿ?’ ಎರಡಕ್ಕೆ ಒಪ್ಪಿದವನು ನಾಲ್ಕಕ್ಕೂ ಒಪ್ಪಬೇಕು ಎಂಬ ನಿಯಮ ತರ್ಕದಲ್ಲಿಲ್ಲ. ಜೆಇಇ ಅಡ್ವಾನ್ಸ್ಡ್ ಬರೆಯಲು ಎರಡೇ ಅವಕಾಶ, ಅದೂ ಒಂದರ ಹಿಂದೊಂದು ವರ್ಷ. ಗಡಿ ಹಾಕಿಕೊಂಡೇ ಮತ್ತೆ ಬರೆಯಬಹುದು ಎಂಬುದಕ್ಕೆ ಅದೇ ಸಾಕ್ಷಿ. ನೀಟ್‌ಗೆ ಇಷ್ಟೇ ಸಲ ಎಂಬ ಮಿತಿಯಿಲ್ಲ, ಹಾಗಾಗಿ ಮಿತಿಯನ್ನು ಮನೆಯಲ್ಲೇ ಹಾಕಿಕೊಳ್ಳಬೇಕು. ಮೊದಲ ಮತ್ತು ಎರಡನೇ ಪ್ರಯತ್ನದ ನಡುವೆ ತಯಾರಿಯಲ್ಲಿ ದೊಡ್ಡ ಅಂತರವಿರುತ್ತದೆ. ಎರಡನೆಯದಕ್ಕೂ ಮೂರನೆಯದಕ್ಕೂ ಅಷ್ಟು ಅಂತರ ಇರುವುದು ಅಪರೂಪ. ನನ್ನ ವಾದ ನಿಂತಿರುವುದು ಆ ಮೊದಲ ಅಂತರದ ಮೇಲೆ. ಆದ್ದರಿಂದಲೇ ಅದು ಮೂರನೆಯದಕ್ಕೆ ತಾನಾಗಿ ಹರಿದುಹೋಗುವುದಿಲ್ಲ.

ಇಷ್ಟೂ ವಾದಗಳು ಬಿದ್ದ ಮೇಲೆ ಎಲ್ಲರೂ ಮತ್ತೆ ಬರೆಯಲಿ ಎಂದು ನಾನು ಹೇಳುವುದಿಲ್ಲ. 2024ರ ನೀಟ್‌ನಲ್ಲೇ ಒಂದು ಉದಾಹರಣೆ ಇದೆ. ಕೆಲವು ಕೇಂದ್ರಗಳಲ್ಲಿ ಸಮಯ ನಷ್ಟವಾಗಿ ಕೃಪಾಂಕ ಪಡೆದಿದ್ದ 1,563 ಮಂದಿಗೆ, ಕೃಪಾಂಕ ಬಿಟ್ಟು ಹಳೆಯ ಅಂಕ ಉಳಿಸಿಕೊಳ್ಳಿ ಇಲ್ಲವೇ ಜೂನ್ 23ರಂದು ಮತ್ತೆ ಬರೆಯಿರಿ ಎಂದು ಆಯ್ಕೆ ಕೊಡಲಾಯಿತು. 813 ಮಂದಿ ಬರೆದರು, 750 ಮಂದಿ ಬರೆಯಲಿಲ್ಲ. ಒಂದೇ ಪರಿಸ್ಥಿತಿಯಲ್ಲಿದ್ದವರು ತಮ್ಮ ತಮ್ಮ ಅಂಕ ನೋಡಿ ಬೇರೆ ಬೇರೆ ತೀರ್ಮಾನಕ್ಕೆ ಬಂದರು. ತೀರ್ಮಾನ ಆಗಬೇಕಾದದ್ದು ಹಾಗೆ, ಪ್ರತಿಯೊಬ್ಬರ ಲೆಕ್ಕದ ಮೇಲೆ.

ಆ ಲೆಕ್ಕಕ್ಕೆ ಮೂರು ಪ್ರಶ್ನೆಗಳು ಸಾಕು. ಒಂದು, ದೂರ ಎಷ್ಟು? ಪರೀಕ್ಷಾ ಪ್ರಾಧಿಕಾರ ಪ್ರಕಟಿಸುವ ಹಿಂದಿನ ವರ್ಷದ ಕಟ್‌ಆಫ್ ಪಟ್ಟಿಯಲ್ಲಿ ನಿನ್ನ ವರ್ಗಕ್ಕೆ ಕೊನೆಯ ಸೀಟು ಯಾವ ರ‍್ಯಾಂಕಿಗೆ ಸಿಕ್ಕಿತ್ತು, ನೀನು ಎಲ್ಲಿದ್ದೀಯ ನೋಡು. ಎಂಜಿನಿಯರಿಂಗ್ ಆದರೆ ಪಿಯು ಅಂಕವೂ ಅರ್ಧ ಭಾಗ ಎಂಬುದನ್ನು ಮರೆಯಬೇಡ. ಪಿಯುನಲ್ಲಿ ಶೇ 60 ಇದ್ದು ಸಿಇಟಿಯಲ್ಲಿ ಶೇ 30 ಬಂದಿದ್ದರೆ ನಿನ್ನ ಒಟ್ಟು 45. ಸಿಇಟಿಯಲ್ಲಿ ಶೇ 60ಕ್ಕೆ ಏರಿದರೆ ಒಟ್ಟು 60. ಏರಿದ್ದು ಮೂವತ್ತು, ಕೈಗೆ ಸಿಕ್ಕಿದ್ದು ಹದಿನೈದು. ಆ ಹದಿನೈದು ಸಾಲದಿದ್ದರೆ ಬೇರೆ ದಾರಿ ನೋಡುವುದೇ ಬುದ್ಧಿವಂತಿಕೆ. ಎರಡು, ಅಂಕ ಹೋದದ್ದು ಏಕೆ? ಪಾಠವೇ ಆಗಿರಲಿಲ್ಲವೇ, ಸಮಯ ಸಾಲಲಿಲ್ಲವೇ, ತಪ್ಪುತ್ತರಕ್ಕೆ ಕಡಿತವಾಯಿತೇ? ಹಾಗಿದ್ದರೆ ಒಂದು ವರ್ಷದಲ್ಲಿ ಸರಿಹೋಗುತ್ತದೆ. ಎಲ್ಲ ಓದಿ, ಎಲ್ಲ ಅಭ್ಯಾಸ ಮಾಡಿಯೂ ಅಷ್ಟೇ ಬಂದಿದ್ದರೆ ಇನ್ನೊಂದು ವರ್ಷದಿಂದ ದೊಡ್ಡ ಬದಲಾವಣೆ ನಿರೀಕ್ಷಿಸಬೇಡ. ಮೂರು, ಎರಡನೇ ಸಲವೂ ಆಗದಿದ್ದರೆ ಕೈಯಲ್ಲಿ ಏನಿರುತ್ತದೆ? ಇಲ್ಲಿ ಪ್ರವೇಶಕ್ಕೆ ನೀಟ್ ಅಂಕ ಆ ಒಂದು ವರ್ಷಕ್ಕೆ ಮಾತ್ರ ಸಲ್ಲುತ್ತದೆ, ಹಳೆಯ ಅಂಕ ಹಿಡಿದು ಮುಂದಿನ ವರ್ಷ ಸೀಟು ಕೇಳಲಾಗದು. ಬಿಎಸ್ಸಿಯೋ, ಕೃಷಿಕರ ಮಕ್ಕಳ ಕೋಟಾದಲ್ಲಿ ಕೃಷಿ ಪದವಿಯೋ, ಇನ್ನೊಂದು ದಾರಿಯನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಮೂರಕ್ಕೂ ಪ್ರಾಮಾಣಿಕ ಉತ್ತರ ಸಿಕ್ಕಿ, ಮನಸ್ಸು ಹೂಂ ಎಂದರೆ, ಬರಿ.

ಈಗ ಎದುರಾಳಿಗಳಿಗೆ ಕೊನೆಯ ಮಾತು. ನಿಮ್ಮ ಎಂಟು ವಾದಗಳಲ್ಲಿ ಒಂದೂ ಈ ಮೂರು ಪ್ರಶ್ನೆಗಳನ್ನು ಕೇಳುವುದಿಲ್ಲ. ರ‍್ಯಾಂಕ್ ಎಷ್ಟು, ಕಟ್‌ಆಫ್ ಎಷ್ಟು, ಅಂಕ ಹೋದದ್ದು ಎಲ್ಲಿ ಎಂದು ವಿಚಾರಿಸದೆ ‘ಬೇಡ’ ಎನ್ನುವುದು ಸಲಹೆ ಆಗುವುದಿಲ್ಲ, ಅಭ್ಯಾಸಬಲದಿಂದ ಬಂದ ಮಾತು ಅಷ್ಟೇ. ನಿಜವಾಗಿ ಸಹಾಯ ಮಾಡಬೇಕೆಂದಿದ್ದರೆ ಮಾಡಲು ಕೆಲಸವಿದೆ. ಪಾಸಾಗಿ ಹೊರಬಿದ್ದ ಮಗುವಿಗೆ ಸರ್ಕಾರಿ ಪಿಯು ಕಾಲೇಜಿನಲ್ಲಿ ಮತ್ತೆ ಕೂತು ಓದುವ ಜಾಗವಿಲ್ಲ. ಹೋಬಳಿಗೊಂದು ಕೊಠಡಿ, ಅದರಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳು, ಇಂಟರ್ನೆಟ್ ಇರುವ ನಾಲ್ಕು ಕಂಪ್ಯೂಟರ್, ವಾರಕ್ಕೆರಡು ದಿನ ಅನುಮಾನ ಬಗೆಹರಿಸುವ ಉಪನ್ಯಾಸಕರು ಇದ್ದರೆ ಬಡವರ ಮನೆಯ ಮಗು ಸಾಲ ಮಾಡದೆ ಎರಡನೇ ಸಲ ಬರೆಯುತ್ತದೆ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪಿಯು ಪರೀಕ್ಷೆ ನಡೆಸುವ ಸರ್ಕಾರಕ್ಕೆ ಇದು ದೊಡ್ಡ ಖರ್ಚಲ್ಲ. ಮಕ್ಕಳ ಮುಂದೆ ‘ಬೇಡ’ ಎನ್ನಲು ತೋರಿಸುವ ಹುರುಪಿನಲ್ಲಿ ಕಾಲು ಭಾಗವನ್ನು ಶಾಸಕರ ಮುಂದೆ ‘ಬೇಕು’ ಎನ್ನಲು ತೋರಿಸಿ. ಆ ಕೊಠಡಿ ಬರುವವರೆಗೆ, ಮತ್ತೆ ಬರೆಯಲು ಪುಸ್ತಕ ತೆರೆದ ಮಗುವಿಗೆ ಅಡ್ಡ ಬರಬೇಡಿ.